ಬಟ್ಟಲಿನಲ್ಲಿದ್ದ ಎರಡು ಚೀಟಿ

ನಮ್ಮ ಅಪ್ಪ ದೇವರನ್ನು ಕೇಳದೆ ಒಂದು ಕೊಡೆಯನ್ನೂ ಕೊಂಡವರಲ್ಲ. ಕೇಳುವ ರೀತಿ ಸರಳ. ಎರಡು ತುಂಡು ಕಾಗದದ ಮೇಲೆ ಎರಡು ಉತ್ತರ ಬರೆಯುವುದು, ಒಂದೇ ಅಳತೆಗೆ ಮಡಚಿ ಹಿತ್ತಾಳೆಯ ಬಟ್ಟಲಿಗೆ ಹಾಕಿ ದೇವರ ಮುಂದೆ ಇಡುವುದು, ಮರುದಿನ ಪೂಜೆಯಾದ ಮೇಲೆ ಅವ್ವನ ಕೈಯಿಂದ ಒಂದನ್ನು ಎತ್ತಿಸುವುದು. ಮುತ್ತೈದೆಯ ಕೈ, ಅದೂ ಅಕ್ಷರ ಬಾರದ ಕೈ. ಅದಕ್ಕಿಂತ ಪಕ್ಷಪಾತವಿಲ್ಲದ ಕೈ ಎಲ್ಲಿ ಸಿಗಬೇಕು ಎನ್ನುವುದು ಅಪ್ಪನ ವಾದ. ಎತ್ತದೆ ಉಳಿದ ಚೀಟಿಯನ್ನು ಬಿಚ್ಚಿ ನೋಡಬಾರದು ಎಂಬ ನೇಮವೂ ಇತ್ತು. ನೋಡಿದರೆ ದೇವರ ಮೇಲೆ ಸಂಶಯಪಟ್ಟ ಹಾಗೆ. ಅದು ಪೂಜೆಯ ಬಾಡಿದ ಹೂವಿನ ಜೊತೆ ತುಳಸಿಯ ಬುಡಕ್ಕೆ ಹೋಗುತ್ತಿತ್ತು.

ವಿಜಾಪುರ ಬಿಟ್ಟು ಮುಂಬಯಿಗೆ ಬಂದದ್ದು ಚೀಟಿಯಿಂದ. ಚೆಂಬೂರಿನಲ್ಲಿ ಮನೆ ಮಾಡುವುದೋ ವಡಾಲದಲ್ಲೋ ಎಂದಾಗ ವಡಾಲ ಬಂದದ್ದೂ ಚೀಟಿಯಿಂದ. ಅಪ್ಪ ಬಂದರಿನ ಗೋದಾಮಿನ ಕಚೇರಿಯಲ್ಲಿ ಕಾರಕೂನರು. ಚಾಳಿನ ಎರಡನೆಯ ಮಾಳಿಗೆಯ ಒಂದೂವರೆ ಖೋಲಿಯಲ್ಲಿ ನಾವು ಮೂವರು: ಅಪ್ಪ, ಅವ್ವ, ನಾನು. ಅಪ್ಪ ಸುಳ್ಳು ಹೇಳುವುದಿಲ್ಲ ಎಂಬುದು ಇಡೀ ಚಾಳಿಗೆ ಗೊತ್ತಿದ್ದ ಮಾತು. ನಳದ ಹತ್ತಿರ ಯಾರು ಮೊದಲು ಕೊಡ ಇಟ್ಟರು ಎಂಬ ಜಗಳಕ್ಕೂ ಅಪ್ಪನನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ನನಗೂ ಅದರ ಜಂಬವಿತ್ತು.

ಐವತ್ತರ ದಶಕದ ಮೊದಲ ವರ್ಷಗಳು. ನಾನು ಎಸ್.ಎಸ್.ಸಿ. ಪಾಸಾದೆ, ಒಳ್ಳೆಯ ಮಾರ್ಕುಗಳೇ ಬಂದವು. ಕಾಲೇಜಿಗೆ ಹೋಗಬೇಕು, ಹೋದರೆ ಸೈನ್ಸಿಗೇ ಹೋಗಬೇಕು ಎಂಬುದು ನನ್ನ ಹಟ. ಕಾರಣ ಒಂದು ಈರುಳ್ಳಿ. ನಮ್ಮ ಕನ್ನಡ ಶಾಲೆಯಲ್ಲಿ ಒಂದೇ ಒಂದು ಸೂಕ್ಷ್ಮದರ್ಶಕವಿತ್ತು. ಅದರ ಕೆಳಗೆ ಈರುಳ್ಳಿಯ ತೆಳು ಪೊರೆ ಇಟ್ಟು ತೋರಿಸಿದ ದಿನ ನಾನು ಕಣ್ಣು ಕೀಳಲೇ ಇಲ್ಲ. ನಮ್ಮ ಚಾಳಿನ ಖೋಲಿಗಳ ಹಾಗೆ ಸಾಲು ಸಾಲು ಮನೆಗಳು, ಒಂದೊಂದು ಮನೆಯಲ್ಲೂ ಒಂದೊಂದು ಚುಕ್ಕೆ. ಹಿಂದಿನ ಹುಡುಗಿ ನನ್ನ ಜಡೆ ಎಳೆದು ಸರಿಸಬೇಕಾಯಿತು. ಅಂದಿನಿಂದ ಅವ್ವನಿಗೆ ಈರುಳ್ಳಿ ಹೆಚ್ಚಿಕೊಡುವ ಕೆಲಸ ನನ್ನದೇ. ಹೆಚ್ಚುವುದಕ್ಕಿಂತ ನೋಡುವುದೇ ಜಾಸ್ತಿ. "ಏ ಹುಚ್ಚಿ, ಹಂಗ ನೋಡಿದ್ರ ಅದು ಮಾತಾಡ್ತದೇನ?" ಎಂದು ಅವ್ವ ಬಯ್ಯುತ್ತಿದ್ದಳು.

ಆಗ ಶಾಲೆಗಳಲ್ಲಿ ಮಕ್ಕಳಿಗೆ ಮುಂದೇನು ಓದಬೇಕೆಂದು ಹೇಳುವುದಕ್ಕಾಗಿಯೇ ಒಬ್ಬ ಮಾಸ್ತರರನ್ನು ಗೊತ್ತುಮಾಡುವ ಹೊಸ ರೂಢಿ ಬಂದಿತ್ತು. ನಮ್ಮಲ್ಲಿ ಆ ಕೆಲಸ ಗಣಿತದ ಮೇಷ್ಟ್ರ ಪಾಲಿಗೆ ಬಂದಿತ್ತು. ಅವರು ಮೈಸೂರಿನ ಕಡೆಯವರು, ಕಪ್ಪು ಕೋಟು, ಹಣೆಯಲ್ಲಿ ಗಂಧ. ಅಪ್ಪನನ್ನು ಕರೆಸಿ ಕುರ್ಚಿ ಕೊಟ್ಟು ಹೇಳಿದರು: "ನೋಡಿ ರಾಯರೇ, ಇದರಲ್ಲಿ ಎರಡು ಮಾತಿಲ್ಲ. ಹುಡುಗೀನ ಸೈನ್ಸಿಗೆ ಸೇರಿಸಿ. ಆರ್ಟ್ಸಿಗೆ ಹಾಕಿದ್ರೋ, ಆ ಪಾಪ ನಿಮ್ಮನ್ನ ಸುತ್ತಿಕೊಳ್ಳತ್ತೆ."

"ಖರೆ ಅದರಿ ಮಾಸ್ತರ," ಎಂದರು ಅಪ್ಪ.

"ಒಂದು ಶಾಸ್ತ್ರ ಇದೆ ಅಷ್ಟೆ. ಫೋರ್ಟಿನಲ್ಲಿ ಸರ್ಕಾರದ ಸಲಹಾ ಕಚೇರಿ ಇದೆ, ಪರೀಕ್ಷೆ ಮಾಡಿ ಬುದ್ಧಿ ಯಾವ ಕಡೆ ಇದೆ ಅಂತ ಬರೆದುಕೊಡ್ತಾರೆ. ಅವರೂ ನನ್ನ ಮಾತೇ ಹೇಳ್ತಾರೆ. ಹೋಗಿಬನ್ನಿ."

ಹೋದೆವು. ಅಲ್ಲಿದ್ದ ಅಧಿಕಾರಿ ಮರಾಠಿ ಹೆಂಗಸು, ನಲವತ್ತರ ವಯಸ್ಸು, ಬಿಳಿ ಸೀರೆ, ದಪ್ಪ ಕನ್ನಡಕ. ಮೇಜಿನ ಮೇಲೆ ಕೆಂಪು ಬಿಳಿ ಬಣ್ಣದ ಮರದ ತುಂಡುಗಳನ್ನು ಸುರಿದು, ಚಿತ್ರದಲ್ಲಿದ್ದ ಹಾಗೆ ಜೋಡಿಸು ಎಂದರು. ಆಮೇಲೆ ಕೈಯಲ್ಲಿ ಒಂದು ದೊಡ್ಡ ಗಡಿಯಾರ ಹಿಡಿದು ಅದರ ಗುಂಡಿ ಒತ್ತಿದರು. ಟಿಕ್ ಟಿಕ್ ಟಿಕ್. ಅಯ್ಯೋ ಆ ಸದ್ದೇ! ನನ್ನ ಕೈ ನಡುಗಿತು, ತುಂಡುಗಳು ಒಂದರ ಮೇಲೊಂದು ನಿಲ್ಲಲಿಲ್ಲ, ಒಂದಂತೂ ಉರುಳಿ ಅವರ ಚಪ್ಪಲಿಯ ಹತ್ತಿರ ಹೋಯಿತು. ಲೆಕ್ಕದ ಹಾಳೆಗೂ ಅದೇ ಗಡಿಯಾರ. ನಾನು ಬಾಯಲ್ಲೇ ಬಿಡಿಸುವಂಥ ಲೆಕ್ಕಗಳು, ಅರ್ಧಕ್ಕೆ ನಿಂತೆ. ಒಂದು ಚಿತ್ರ ಕೊಟ್ಟು ಕತೆ ಬರೆ ಎಂದಾಗ ಮಾತ್ರ ಗಡಿಯಾರ ಒತ್ತಲಿಲ್ಲ. ಆ ಹಾಳೆ ತುಂಬಿ ಇನ್ನೊಂದು ಕೇಳಿದೆ.

"ಮುಲಗಿ ಹುಶಾರ್ ಆಹೇ," ಎಂದರು ಅವರು ಅಪ್ಪನಿಗೆ. ಹುಡುಗಿ ಜಾಣೆ ಎಂದದ್ದಕ್ಕೆ ಅಪ್ಪನ ಮುಖ ಅರಳಿತು. "ಪಣ್..." ಎಂದರು. ಮರಾಠಿಯ ಆ 'ಆದರೆ'ಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನನಗೆ ಭಾಷೆ ಬಹಳ ಚೆನ್ನಾಗಿದೆಯಂತೆ, ಆದರೆ ಅವಸರದಲ್ಲಿ ಕೈಯೂ ಲೆಕ್ಕವೂ ಹೆದರುತ್ತವಂತೆ. ಆರ್ಟ್ಸೇ ಸರಿಯಂತೆ. "ಸೈನ್ಸಿಗೆ ಕಳಿಸಿದರೆ ಇಂಟರ್‌ನಲ್ಲಿ ನಿಲ್ಲುತ್ತಾಳೆ. ಅಲ್ಲಿ ಫೇಲಾದ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಅವರು ಆಮೇಲೆ ಯಾವುದಕ್ಕೂ ತಲೆ ಎತ್ತುವುದಿಲ್ಲ," ಎಂದು ಹೇಳಿ ಅದನ್ನೇ ಇಂಗ್ಲಿಷಿನಲ್ಲಿ ಬರೆದು ಠಸ್ಸೆ ಒತ್ತಿ ಕೊಟ್ಟರು.

ನಾನು ಬೆಪ್ಪಾಗಿ ಕೂತುಬಿಟ್ಟೆ. ಗಣಿತದಲ್ಲಿ ಇಡೀ ಶಾಲೆಗೆ ಮೊದಲು ಬಂದವಳಿಗೆ ಲೆಕ್ಕ ಬರುವುದಿಲ್ಲ ಎನ್ನುತ್ತಾರಲ್ಲ! ಬಾಯಿಬಿಟ್ಟು ಜಗಳ ಆಡೋಣವೆಂದು ಅಪ್ಪನ ಕಡೆ ತಿರುಗಿದರೆ, ಅಪ್ಪ ತೊಡೆಯ ಮೇಲಿದ್ದ ಟೋಪಿಯನ್ನು ನೋಡುತ್ತ ಕೂತಿದ್ದರು. ಆಮೇಲೆ ಮೆಲ್ಲಗೆ, "ಖರೆ ಅದ ಬಾಯಿ," ಎಂದರು. ಮರಾಠಿ ಹೆಂಗಸರನ್ನು ಮರ್ಯಾದೆಗೆ ಬಾಯಿ ಎನ್ನುವುದು ಅಲ್ಲಿಯ ರೂಢಿ.

ಮೇಷ್ಟ್ರಿಗೆ ಆ ಕಾಗದ ತೋರಿಸಿದಾಗ ಅವರು ಕೆಂಡವಾದರು. "ಏನ್ರೀ ಇದು? ಮರದ ತುಂಡು ಜೋಡಿಸೋಕೆ ಬರಲ್ಲ ಅಂದ್ರೆ ಸೈನ್ಸ್ ಬರಲ್ವಾ? ನಾವೇನು ಬಡಗಿ ಕೆಲಸಕ್ಕೆ ಕಳಿಸ್ತಾ ಇದೀವಾ? ಹರಿದು ಹಾಕಿ ಅದನ್ನ!" ಕಚೇರಿಗೆ ನಮ್ಮನ್ನು ಕಳಿಸಿದವರೇ ಅವರು ಎಂಬುದು ಅವರಿಗೆ ಮರೆತೇ ಹೋಗಿತ್ತು. ಅಪ್ಪ ಅವರಿಗೂ ಖರೆ ಎಂದರು. ಎರಡು ದಿನ ಬಿಟ್ಟು ಒಬ್ಬರೇ ಮತ್ತೆ ಫೋರ್ಟಿಗೆ ಹೋಗಿಬಂದರು. ಆ ಬಾಯಿ, "ಮಾಸ್ತರರಿಗೆ ಅವರ ವಿಷಯ ಕಾಣುತ್ತದೆ, ನನಗೆ ಹುಡುಗಿ ಕಾಣುತ್ತಾಳೆ," ಎಂದರಂತೆ. ಅದಕ್ಕೂ ಅಪ್ಪ ಖರೆ ಎಂದು ಬಂದಿದ್ದರು.

"ಎಲ್ಲಾರಿಗೂ ಖರೆ ಖರೆ ಅಂತೀರಲ್ಲ," ಎಂದಳು ಅವ್ವ, ರೊಟ್ಟಿ ಬಡಿಯುತ್ತ. "ಹಂಗಾರ ಸುಳ್ಳ ಹೇಳಿದವರು ಯಾರು?"

"ಇಬ್ಬರೂ ಓದಿದವರು. ಇಬ್ಬರೂ ನಮ್ಮ ಹಿತಾನ ಹೇಳ್ತಾರ. ನನ್ನ ತಲಿ ಕೆಟ್ಟು ಹೋಗೇದ," ಎಂದರು ಅಪ್ಪ.

"ಹೇಳವರು ಹೇಳಿ ಹೋಗ್ತಾರ. ಬಾಳೆ ಮಾಡವರು ನಾವು."

ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ನಾನು ದಿನಕ್ಕೆ ನಾಲ್ಕು ಸಲ ಸೈನ್ಸ್ ಸೈನ್ಸ್ ಎಂದು ಬಡಿದುಕೊಳ್ಳುತ್ತಲೇ ಇದ್ದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಕಾಲೇಜಿಗೆ ಅರ್ಜಿ ಕೊಡಲು ಶನಿವಾರ ಕೊನೆಯ ದಿನ. ಸೋಮವಾರ ಸಂಜೆ ಅಪ್ಪ ಕೈಕಾಲು ತೊಳೆದು ದೇವರ ಗೂಡಿನ ಮುಂದೆ ಕೂತರು. ಕಚೇರಿಯಿಂದ ತಂದ ಕಂದು ಬಣ್ಣದ ರದ್ದಿ ಹಾಳೆಯಿಂದ ಎರಡು ತುಂಡು ಹರಿದರು. ಟಾಕಿನಲ್ಲಿ ಒಂದರ ಮೇಲೆ 'ಸೈನ್ಸ್' ಎಂದೂ ಇನ್ನೊಂದರ ಮೇಲೆ 'ಆರ್ಟ್ಸ್' ಎಂದೂ ಬರೆದರು. ನಾನು ಅವರ ಹಿಂದೆಯೇ ನಿಂತು ನೋಡಿದೆ. ಮಡಚಿದರು, ಬಟ್ಟಲಿಗೆ ಹಾಕಿದರು, ಕೈಮುಗಿದರು.

"ನಾಳೆ ಏನ ಬರ್ತದ ಅದ ಆಗಲಿ, ತಂಗಿ," ಎಂದರು. ನಮ್ಮ ಕಡೆ ತಂದೆಯೂ ಮಗಳನ್ನು ತಂಗಿ ಎಂದೇ ಕರೆಯುವುದು.

ಮರುದಿನ ಬೆಳಿಗ್ಗೆ ಅಪ್ಪ ತಗಡಿನ ಡಬ್ಬಿ ಹಿಡಿದು ಗ್ಯಾಲರಿಯ ಕೊನೆಯಲ್ಲಿದ್ದ ಪಾಯಖಾನೆಯ ಸರದಿಗೆ ಹೋದರು. ಅವ್ವ ಕೆಳಗೆ ನಳಕ್ಕೆ ಇಳಿದಿದ್ದಳು. ಖೋಲಿಯಲ್ಲಿ ನಾನೊಬ್ಬಳೇ. ದೇವರಿದ್ದ, ಇಲ್ಲವೆನ್ನುವುದಿಲ್ಲ. ಬಟ್ಟಲು ತೆಗೆದು ಎರಡೂ ಚೀಟಿ ಬಿಚ್ಚಿದೆ. 'ಆರ್ಟ್ಸ್' ತೆಗೆದು, ಅದೇ ರದ್ದಿ ಹಾಳೆಯಿಂದ ಅದೇ ಅಳತೆಯ ತುಂಡು ಹರಿದು, ಅದೇ ಟಾಕಿನಲ್ಲಿ 'ಸೈನ್ಸ್' ಎಂದು ಬರೆದೆ. ಅಪ್ಪನ ಅಕ್ಷರದ ಮೇಲೆ ತಿದ್ದಿ ತಿದ್ದಿಯೇ ನಾನು ಬರೆಯಲು ಕಲಿತದ್ದು, ಹಾಗಾಗಿ ಅವರ ದುಂಡು ಅಕ್ಷರ ನನ್ನ ಕೈಗೆ ಸಲೀಸು. ಎರಡನ್ನೂ ಮಡಚಿ ಹಾಕುವಷ್ಟರಲ್ಲಿ ಮೆಟ್ಟಿಲ ಮೇಲೆ ಅವ್ವನ ಬಳೆಯ ಸದ್ದು. ಕೈಯಲ್ಲಿ ಅಪ್ಪ ಬರೆದ ಚೀಟಿ ಉಳಿದಿದೆ, ಎಸೆಯಲು ಹೊತ್ತಿಲ್ಲ. ಬಾಯಿಗೆ ಹಾಕಿಕೊಂಡು ನುಂಗಿದೆ. ಮಸಿ ಕಹಿಯಾಗಿತ್ತು, ಕಾಗದ ಗಂಟಲಲ್ಲಿ ಅಡ್ಡ ನಿಂತಿತು. ಅವ್ವನ ಕೊಡದಿಂದಲೇ ಒಂದು ಲೋಟ ನೀರು ತೆಗೆದು ಕುಡಿದೆ.

ಪೂಜೆಯಾಯಿತು. ಅವ್ವ ಸೆರಗು ಹೊದ್ದು, ಕಣ್ಣು ಮುಚ್ಚಿ, ಬಟ್ಟಲಿಗೆ ಕೈ ಹಾಕಿದಳು. ಯಾವುದನ್ನು ಎತ್ತಿದರೂ ನನ್ನದೇ ಎಂದು ನಾನು ನಗು ತಡೆದುಕೊಂಡು ನಿಂತಿದ್ದೆ. ಅವ್ವ ಎತ್ತಿದ ಚೀಟಿಯನ್ನು ಅಪ್ಪ ಬಿಚ್ಚಿದರು. ನೋಡಿದರು. ಗಂಟಲು ಸರಿಮಾಡಿಕೊಂಡರು.

"ಆರ್ಟ್ಸ್," ಎಂದರು.

ಮೊದಲು ಬಂದ ಯೋಚನೆ ದೇವರದು. ನನ್ನ ಕಳ್ಳತನ ನೋಡಿ ದೇವರೇ ಅಕ್ಷರ ಬದಲಿಸಿದನೇನೋ ಎಂದು ಗೂಡಿನ ಕಡೆ ನೋಡಿದೆ. ಆಮೇಲೆ ಅಪ್ಪನ ಮುಖ ನೋಡಿದೆ. ಕಿವಿ ಕೆಂಪಗಾಗಿದ್ದವು. ಅವರು ನನ್ನ ಕಡೆಯಾಗಲಿ, ಅವ್ವನ ಕಡೆಯಾಗಲಿ ನೋಡಲಿಲ್ಲ. ಎತ್ತಿದ ಚೀಟಿಯನ್ನು ಯಾವಾಗಲೂ ದೇವರ ಪಾದದ ಹತ್ತಿರ ಬಿಚ್ಚಿ ಇಡುತ್ತಿದ್ದವರು, ಅವತ್ತು ಲಗುಬಗೆಯಿಂದ ಮಡಚಿ ಮತ್ತೆ ಬಟ್ಟಲಿಗೇ ಹಾಕಿದರು. ಆಗ ತಿಳಿಯಿತು. ಅಪ್ಪ ಸುಳ್ಳು ಓದಿದ್ದರು.

ನಮ್ಮ ಅಪ್ಪ! ನಳದ ಜಗಳಕ್ಕೆ ಸಾಕ್ಷಿ ಹೇಳುವ ಅಪ್ಪ, ದೇವರ ಎದುರಿಗೆ, ಕೈಯಲ್ಲಿ ಸೈನ್ಸ್ ಹಿಡಿದುಕೊಂಡು ಆರ್ಟ್ಸ್ ಎಂದರು! ಚೀಟಿ ತೋರಿಸಿರಿ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ಜಗಳ ಹತ್ತಿದರೆ ಇನ್ನೊಂದನ್ನೂ ಬಿಚ್ಚುತ್ತಾರೆ, ಅದರಲ್ಲೂ ಸೈನ್ಸೇ ಇರುತ್ತದೆ, ಬರೆದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ, ನುಂಗಲಾರದೆ ಉಗುಳಲಾರದೆ ನಿಂತೆ. ಅವ್ವ ನನ್ನ ತಲೆ ಸವರಿ, "ಇರಲಿ ಬಿಡ, ದೇವರು ಕೊಟ್ಟದ್ದು," ಎಂದಳು. ನಾನು ಅವಳ ಕೈ ಕೊಡವಿ ಗ್ಯಾಲರಿಗೆ ಹೋದೆ.

ಎರಡು ದಿನ ಅನ್ನ ಸೇರಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟೆ. ಸೈನ್ಸ್ ಹೋದದ್ದಕ್ಕೆ ಅಳು ಬರುತ್ತಿತ್ತು, ನಿಜ. ಅಪ್ಪ ಹೀಗೆ ಮಾಡಿದರಲ್ಲ ಎಂಬುದಕ್ಕೆ ಅಳುವೂ ಬರುತ್ತಿರಲಿಲ್ಲ. ಅವರೂ ನನ್ನ ಕಣ್ಣಿಗೆ ಬೀಳದಂತೆ ಬೇಗ ಹೋಗಿ ತಡವಾಗಿ ಬರುತ್ತಿದ್ದರು.

ಗುರುವಾರ ಸಂಜೆ ಅಪ್ಪ ಆರ್ಟ್ಸ್ ಕಾಲೇಜಿನ ಫಾರಂ ತಂದರು. ಮರುದಿನ ಶುಕ್ರವಾರವೆಂದು ಅವ್ವ ದೇವರ ಸಾಮಾನು ತಿಕ್ಕಲು ಕೂತಿದ್ದಳು. ಮಂಗಳವಾರದಿಂದ ಆ ಬಟ್ಟಲನ್ನು ಮುಟ್ಟುವ ಧೈರ್ಯ ಅಪ್ಪನೂ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ಬಾಡಿದ ಹೂ ತೆಗೆಯುವ ಮೊದಲೇ ಬಟ್ಟಲಿಗೆ ನೀರು ಬಿದ್ದು, ಚೀಟಿಗಳು ನೆಂದು ತಾವೇ ಬಿಚ್ಚಿಕೊಂಡಿದ್ದವು. ಅವ್ವ ಎರಡನ್ನೂ ಅಂಗೈ ಮೇಲೆ ಅಂಟಿಸಿಕೊಂಡು ದೀಪದ ಹತ್ತಿರ ಒಯ್ದಳು. ಬಹಳ ಹೊತ್ತು ನೋಡಿದಳು. ಅವಳಿಗೆ ಓದು ಬಾರದಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

"ಏನ್ರೀ, ಇಲ್ಲಿ ಬರ್ರಿ," ಎಂದಳು ಅವ್ವ.

ಅಪ್ಪ ಟೋಪಿ ತೆಗೆಯದೆ ಹಾಗೇ ಬಂದರು.

"ನನಗ ಓದಾಕ ಬರೂದಿಲ್ಲ, ಖರೆ. ರಂಗೋಲಿ ಹಾಕಾಕ ಬರ್ತದ. ಇದರಾಗೂ ಹಿಂಗ ಸುತ್ತಿ ಹಿಂಗ ಇಳದದ, ಇದರಾಗೂ ಹಿಂಗ ಸುತ್ತಿ ಹಿಂಗ ಇಳದದ. ಎರಡೂ ಒಂದ ಎಳಿ. ಬ್ಯಾರೆ ಬ್ಯಾರೆ ಬರದಿದ್ರ ಹಿಂಗ ಒಂದ ನಮೂನಿ ಹ್ಯಾಂಗ ಇರ್ತಾವ?"

ಅಪ್ಪ ಅಂಗೈ ಮೇಲೆ ಬಗ್ಗಿದರು. ತಾವು ಒಂದರ ಮೇಲೆ ಸೈನ್ಸ್, ಒಂದರ ಮೇಲೆ ಆರ್ಟ್ಸ್ ಬರೆದದ್ದು ಅವರಿಗೆ ಗೊತ್ತು. ಈಗ ಎರಡೂ ಸೈನ್ಸ್. ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಒಬ್ಬ ಕಳ್ಳ ಇನ್ನೊಬ್ಬ ಕಳ್ಳನನ್ನು ಸಂತೆಯಲ್ಲಿ ಕಂಡರೆ ಹೇಗೆ ನೋಡುತ್ತಾನೋ ಹಾಗಿತ್ತು. ನಾನು ಗೋಡೆಗೆ ಒರಗಿದೆ. ಮುಗಿಯಿತು, ಕಾಲೇಜೂ ಇಲ್ಲ, ಏನೂ ಇಲ್ಲ ಎಂದುಕೊಂಡೆ.

"ಒಂದ ಬರದೀರಿ ಎರಡರಾಗೂ," ಎಂದಳು ಅವ್ವ. "ಹೌದಿಲ್ಲೋ? ಆಕಿಗೆ ಆರ್ಟ್ಸ ಬರಲಿ ಅಂತ ಎರಡರಾಗೂ ಆರ್ಟ್ಸ್ ಬರದು, ನನ್ನ ಕೈಲೆ ಎತ್ತಿಸಿದ್ರಿ."

ಅಪ್ಪ ಟೋಪಿ ತೆಗೆದು ಗೂಟಕ್ಕೆ ಹಾಕಿದರು. ಬೆನ್ನು ನಮ್ಮ ಕಡೆ ಇತ್ತು.

"ಹೌದು," ಎಂದರು. "ಎರಡರಾಗೂ ನಾನ ಆರ್ಟ್ಸ್ ಅಂತ ಬರದೆ."

ಅವರು ಮಾಡಿದ ತಪ್ಪು ಬೇರೆ, ಒಪ್ಪಿಕೊಳ್ಳುತ್ತಿರುವ ತಪ್ಪು ಬೇರೆ. ಒಂದು ಮಾತಿನಲ್ಲಿ ನನ್ನನ್ನು ಹಿಡಿದುಕೊಡಬಹುದಿತ್ತು. ಕೊಡಲಿಲ್ಲ.

"ದೇವರ ಮುಂದ?" ಎಂದಳು ಅವ್ವ.

"ದೇವರ ಮುಂದ."

ಅವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಕೂಗಾಡಲಿಲ್ಲ. ಮದುವೆಯಾದಾಗಿನಿಂದ ಅವಳು ಹೆಮ್ಮೆಪಟ್ಟದ್ದು ಒಂದೇ, ನಮ್ಮವರು ಸುಳ್ಳು ಹೇಳುವುದಿಲ್ಲ ಎಂದು. ಸ್ವಲ್ಪ ಹೊತ್ತು ಬಿಟ್ಟು ಎದ್ದಳು. "ಹಂಗಾರ ಸೈನ್ಸ್. ಹುಡುಗಿ ಕೇಳಿದ್ದು ಸೈನ್ಸ್. ದೇವರಿಗೆ ಅದನ್ನ ಕೊಡಾಕ ನೀವು ಜಾಗಾನ ಇಡಲಿಲ್ಲ. ನಾಳೆ ಆ ಫಾರಂ ತರ್ರಿ. ಇನ್ನ ಈ ಮನ್ಯಾಗ ಚೀಟಿ ಹಾಕೂದು ಸಾಕು." ಎರಡೂ ಚೀಟಿಗಳನ್ನು ಸೆರಗಿನಲ್ಲಿ ಒರೆಸಿ ಒಣಗಿಸಿ, ತನ್ನ ಕುಂಕುಮದ ಕರಡಿಗೆಯ ತಳದಲ್ಲಿ ಹಾಕಿ ಮುಚ್ಚಿದಳು. ಗಂಡನ ಸುಳ್ಳಿಗೆ ಪುರಾವೆ ಅವಳ ಹತ್ತಿರ ಇರಬೇಕಿತ್ತು.

ಶನಿವಾರ ಅಪ್ಪನೂ ನಾನೂ ಫಾರಂ ಕೊಡಲು ಲೋಕಲ್ ಹತ್ತಿದೆವು. ಹಾರ್ಬರ್ ಗಾಡಿಯಲ್ಲಿ ಆ ಹೊತ್ತಿಗೆ ಜನ ಕಡಿಮೆ. ಶಿವಡಿ ದಾಟುವವರೆಗೆ ಇಬ್ಬರೂ ಕಿಟಕಿಯಾಚೆ ಕೆಸರು ನೋಡುತ್ತ ಕೂತೆವು.

"ಆ ಇನ್ನೊಂದು ಚೀಟಿ ಎಲ್ಲಿ ಒಗದಿ?" ಎಂದರು ಅಪ್ಪ.

"ನುಂಗಿದೆ."

ಅಪ್ಪ ನನ್ನ ಕಡೆ ತಿರುಗಿ, ತಡೆಯಲಾರದೆ ನಕ್ಕರು. ಎದುರಿಗೆ ಕೂತ ಪಾರ್ಸಿ ಮುದುಕ ಪೇಪರು ಇಳಿಸಿ ನೋಡುವಷ್ಟು ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ.

"ನೀವು ಯಾಕ ಸುಳ್ಳ ಓದಿದ್ರಿ?" ಎಂದೆ.

ನಗು ನಿಂತಿತು. "ನಾ ಧಾರವಾಡದಾಗ ಇಂಟರ್ ಸೈನ್ಸ್ ಎರಡ ಸಲ ಫೇಲ್ ಆಗೀನಿ, ತಂಗಿ. ನಮ್ಮಪ್ಪ ಸತ್ತರು, ಅದಕ್ಕ ಓದು ಬಿಟ್ಟೆ ಅಂತ ನಿಮ್ಮವ್ವಗ ಹೇಳೀನಲ್ಲ, ಅದು ಸುಳ್ಳ. ಅವರು ಸಾಯೂಮುಂದ ನಾ ಬಿಟ್ಟು ವರ್ಷ ಆಗಿತ್ತು." ಕೊಡೆಯ ಹಿಡಿಯನ್ನು ತಿರುಗಿಸಿದರು. "ಆ ಬಾಯಿ ಹೇಳಿದ್ಲಲ್ಲ, ಫೇಲಾದವರು ಮುಂದ ತಲಿ ಎತ್ತೂದಿಲ್ಲ ಅಂತ. ಆಕಿ ನಿನ್ನ ನೋಡಿ ಹೇಳಿದ್ಲೋ, ನನ್ನ ನೋಡಿ ಹೇಳಿದ್ಲೋ. ನಾ ಅಂಜಿದೆ."

ಕೊಡೆ ಕೊಳ್ಳಲೂ ಚೀಟಿ ಹಾಕುವ ಮನುಷ್ಯ ಯಾಕೆ ಹಾಗಾದರು ಎಂಬುದು ಆ ಗಾಡಿಯಲ್ಲಿ ನನಗೆ ತಿಳಿಯಿತು.

"ಸಂಜೀಕ ಅವ್ವಗ ಎಲ್ಲಾ ಹೇಳಿಬಿಡ್ತೀನಿ," ಎಂದೆ.

"ಈಗ ಬ್ಯಾಡ. ಗಂಡ ಮೋಸ ಮಾಡ್ಯಾನ ಅಂತ ಸಿಟ್ಟಿಗೆ ನಿನ್ನ ಸೈನ್ಸಿಗೆ ಕಳಸ್ಲಿಕತ್ತಾಳ. ಮಗಳು ಮಾಡ್ಯಾಳ ಅಂತ ಗೊತ್ತಾದ್ರ ಫಾರಂ ಹರದು ಒಲಿಗೆ ಹಾಕ್ತಾಳ. ಪಾಸಾಗು, ಆಮ್ಯಾಲೆ ಹೇಳೀಯಂತ."

ಪಾಸಾದೆ. ಸುಲಭವಾಗಿ ಅಲ್ಲ. ಆ ಬಾಯಿ ಹೇಳಿದ್ದೂ ಪೂರ್ತಿ ತಪ್ಪಲ್ಲ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಗೋಡೆಯ ಗಡಿಯಾರ ನೋಡಿ ಕೈ ನಡುಗಿ ಒಂದು ಗಾಜಿನ ನಳಿಕೆ ಒಡೆದೆ. ಹೊರಗೆ ಅಪ್ಪ ಕೊಡೆ ಹಿಡಿದು ಬಿಸಿಲಲ್ಲಿ ನಿಂತಿದ್ದರು, ನನಗಿಂತ ಅವರ ಮುಖವೇ ಒಣಗಿತ್ತು. ಇಂಟರ್ ಆಯಿತು, ಬಿ.ಎಸ್ಸಿ. ಆಯಿತು, ಜೋಗೇಶ್ವರಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಮಕ್ಕಳಿಗೆ ಈರುಳ್ಳಿಯ ಪೊರೆ ತೋರಿಸುತ್ತೇನೆ ಎಂದು ಹೇಳಿದಾಗ ಮೇಷ್ಟ್ರು, "ನಾನು ಹೇಳಿರಲಿಲ್ವಾ?" ಎಂದರು. ಆ ಬಾಯಿಯನ್ನು ಕೇಳಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು, ಪಾಠ ಹೇಳುವುದು ಭಾಷೆಯ ಕೆಲಸ ತಾನೇ.

ಅವ್ವನಿಗೆ ಮಾತ್ರ ಹೇಳಲಿಲ್ಲ. ಇಂಟರ್ ಆದಮೇಲೆ ಹೇಳುತ್ತೇನೆ ಎಂದೆ, ಡಿಗ್ರಿ ಆದಮೇಲೆ ಎಂದೆ, ಕೆಲಸ ಸಿಕ್ಕಮೇಲೆ ಎಂದೆ. ಪ್ರತಿ ವರ್ಷ ಇನ್ನಷ್ಟು ಕಷ್ಟವಾಯಿತು, ಯಾಕೆಂದರೆ ಪ್ರತಿ ವರ್ಷ ಅವ್ವನ ಬೈಗುಳ ಬೆಳೆಯುತ್ತ ಹೋಯಿತು. ಅಪ್ಪ ಯಾವ ಮಾತಿಗಾದರೂ 'ಖರೆ' ಎಂದರೆ ಸಾಕು. "ಖರೆ ಅಂತ ಖರೆ! ದೇವರ ಮುಂದ ಸುಳ್ಳ ಬರದವರು ನೀವು." ಊಟಕ್ಕೆ ಕೂತಾಗ, ನೆಂಟರ ಎದುರಿಗೆ, ಗ್ಯಾಲರಿಯಲ್ಲಿ. ಚಾಳಿಗೆಲ್ಲ ಗೊತ್ತಾಯಿತು. ನಳದ ಜಗಳಕ್ಕೆ ಅಪ್ಪನನ್ನು ಕರೆಯುವುದು ನಿಂತಿತು. ಚೀಟಿ ಹಾಕುವಂತಿರಲಿಲ್ಲವಾಗಿ, ಒಂದು ಜೊತೆ ಚಪ್ಪಲಿ ಕೊಳ್ಳಲು ಅವರು ಅಂಗಡಿಯಲ್ಲಿ ಒಂದು ಗಂಟೆ ನಿಂತದ್ದನ್ನು ನಾನು ನೋಡಿದ್ದೇನೆ. ಬೈಸಿಕೊಳ್ಳುವಾಗ ಅವರು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಇವತ್ತು ಹೇಳೇಬಿಡುತ್ತೇನೆ ಎಂದು ನಾನು ಪಿಸುಗುಟ್ಟಿದರೆ, "ಇರಲಿ ಬಿಡ ತಂಗಿ, ನನಗ ರೂಢಿ ಆಗೇದ," ಎನ್ನುತ್ತಿದ್ದರು. ಅವರು ಹಾಗೆ ಹೇಳಲಿ ಎಂದೇ ನಾನು ಕೇಳುತ್ತಿದ್ದೆನೋ ಏನೋ. ನಾಚಿಕೆಗೇಡು, ಆದರೆ ಹಾಗೇ ಇತ್ತು.

ನಾನು ಕೆಲಸಕ್ಕೆ ಸೇರಿದ ಮರುವರ್ಷ ಅಪ್ಪ ಗೋದಾಮಿನ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತವರು ಕೂತಲ್ಲೇ ಹೋದರು. ಎದೆನೋವು ಎಂದರು. ಹೇಳಬೇಕಾದ ಮಾತು ನನ್ನ ಬಾಯಲ್ಲೇ ಉಳಿಯಿತು.

ಕಾಗದಪತ್ರಕ್ಕೆಂದು ಅವ್ವನನ್ನು ಆ ಕಚೇರಿಗೆ ಕರೆದೊಯ್ದೆ. ಅಲ್ಲಿಯ ಗುಮಾಸ್ತ ಅವಳ ಹೆಬ್ಬೆರಳು ಹಿಡಿದು ಮಸಿಯಲ್ಲಿ ಅದ್ದಿ ಒತ್ತಿದ. ಮನೆಗೆ ಬಂದು ಬೂದಿ ಹಚ್ಚಿ ಹಚ್ಚಿ ಬೆರಳು ತಿಕ್ಕಿದಳು. "ಅವರು ಅಲ್ಲಿ ಕಾರಕೂನ. ಅವರ ಹೇಣತಿ ಹೆಬ್ಬಟ್ಟು. ನನಗ ಅಕ್ಷರ ಕಲಸು," ಎಂದಳು. ಶಾಲೆಯಿಂದ ಬಂದು ದಿನಾ ಸಂಜೆ ಪಾಟಿಯ ಮೇಲೆ ನಾನೇ ತಿದ್ದಿಸಿದೆ. ರಂಗೋಲಿಯ ಕೈ, ಬಹಳ ಬೇಗ ಕಲಿತಳು. 'ಸ' ತಿದ್ದಿಸುವಾಗಲೂ ನನಗೆ ಏನೂ ನೆನಪಾಗಲಿಲ್ಲ. ಗೆದ್ದವರಿಗೆ ಮರೆವು ಬೇಗ.

ಒಂದು ಭಾನುವಾರ ಮಧ್ಯಾಹ್ನ ಅವ್ವ ಪೆಟ್ಟಿಗೆ ತೆಗೆದು ತನ್ನ ಕುಂಕುಮದ ಕರಡಿಗೆಯನ್ನು ಹೊರಗಿಟ್ಟಳು. "ಇದು ಇನ್ನ ನನಗ ಬ್ಯಾಡ. ನೀ ಇಟಗೊ," ಎಂದು ಒಳಗಿನದನ್ನು ಕಾಗದದ ಮೇಲೆ ಸುರಿದಳು. ಕುಂಕುಮದ ಜೊತೆ ಎರಡು ಚೀಟಿ ಬಿದ್ದವು.

ನಾನು ಕೈ ಚಾಚಿದೆ. ಅವಳು ಮೊದಲೇ ಎತ್ತಿಕೊಂಡಿದ್ದಳು. ಬೆಳಕಿಗೆ ಹಿಡಿದು, ನಾನು ಕಲಿಸಿದ ಹಾಗೆಯೇ, ಬೆರಳಿಟ್ಟು ಓದಿದಳು. "ಸೈ... ನ್ಸ್. ಸೈನ್ಸ್." ಇನ್ನೊಂದನ್ನು ಎತ್ತಿದಳು. "ಇದೂ ಸೈನ್ಸ್." ಮತ್ತೆ ಮೊದಲನೆಯದನ್ನು ಓದಿದಳು. ತಾನೇ ತಪ್ಪು ಓದುತ್ತಿದ್ದೇನೆ ಎಂದುಕೊಂಡಿರಬೇಕು. "ಆರ್ಟ್ಸ್ ಅಲ್ಲಲ್ಲ ಇದು? ಅವರು ಎರಡರಾಗೂ ಆರ್ಟ್ಸ್ ಬರದೆ ಅಂದ್ರಲ್ಲ?"

ಆಗ ಹೇಳಿದೆ. ಎಲ್ಲ ಹೇಳಿದೆ, ಗಾಡಿಯಲ್ಲಿ ಅಪ್ಪ ಹೇಳಿದ್ದನ್ನೂ ಹೇಳಿದೆ. ಅವಳು ಕೆನ್ನೆಗೆ ಹೊಡೆಯುತ್ತಾಳೆ ಎಂದು ಕಾದೆ. ಹೊಡೆಯಲಿಲ್ಲ.

"ಇಷ್ಟ ವರ್ಷ ತಾಟಿನ ಮುಂದ ಕೂಡಿಸಿ ಬೈದೆ," ಎಂದಳು. "ಒಂದ ಸಲಾನೂ ನಾ ಅಲ್ಲ ಅನ್ಲಿಲ್ಲಲ್ಲೇ ಅವರು. ನೀ ಅಲ್ಲೇ ಕೂತು ಉಣತಿದ್ದಿ."

ಕೆಳಗೆ ಯಾರೋ ನಳಕ್ಕೆ ಕೊಡ ಇಟ್ಟ ಸದ್ದು ಕೇಳಿತು.

ಅವಳು ಎರಡೂ ಚೀಟಿಗಳನ್ನು ನನ್ನ ಮುಂದೆ ಇಟ್ಟಳು. "ಇದರಾಗ ಅವರು ಬರದದ್ದು ಯಾವುದು? ನೀ ಬರದದ್ದು ಯಾವುದು?"

ತೋರಿಸಿದೆ. ಅಪ್ಪನದನ್ನು ಅವಳು ಮಡಚಿ ಮಡಿಲಲ್ಲಿ ಇಟ್ಟುಕೊಂಡಳು. ನನ್ನದನ್ನು ನನ್ನ ಕೈಗೆ ಕೊಟ್ಟಳು.

"ಇದನ್ನೂ ನುಂಗು," ಎಂದಳು.

ಅವಳು ನೋಡುತ್ತ ಕೂತಳು. ನಾನು ನುಂಗಿದೆ.